ಕೂಲಿಗೆ ತಂದ ಹೆಂಗಸು

"ನಿಲ್ಲಿಸೋ ಅದನ್ನ!"

ಎಡ್ನಾ ದೊಡ್ಡಮ್ಮ ಗಾಲಿಕುರ್ಚಿಯಿಂದಲೇ ಕಿರುಚಿದಳು. ಕಲ್ಲು ಕೆತ್ತುವ ಕೀತ್ ಬೆಚ್ಚಿ, ಎತ್ತಿದ ಸುತ್ತಿಗೆಯನ್ನು ಹಾಗೇ ತಡೆದ.

ಡೋರೀನಳಿಗೆ ಮುಜುಗರವಾಯಿತು. ದೊಡ್ಡಮ್ಮನಿಗೆ ಅಚ್ಚರಿಯಾಗಲಿ ಎಂದು ಏನೂ ಹೇಳದೆ ಚರ್ಚಿನ ಸ್ಮಶಾನಕ್ಕೆ ತಳ್ಳಿಕೊಂಡು ಬಂದಿದ್ದಳು. ವರ್ಷಗಟ್ಟಲೆ ಹುಡುಕಿ ಮುತ್ತಜ್ಜಿ ಫೀಬಿಯ ಜಾಡು ಹಿಡಿದಿದ್ದಳು. ಹಳೆಯ ಜನಗಣತಿಯಲ್ಲಿ ಉಳುವಾಳು ರಾಲ್ಫ್ ಡಾಡ್ಸ್‌ನ ಮನೆಯಲ್ಲೇ ಫೀಬಿಯ ಹೆಸರಿತ್ತು. ಸಂಬಂಧ ಏನೆಂದು ಬರೆದ ಕಡೆ ಶಾಯಿ ಚೆಲ್ಲಿತ್ತು. ಮುಂದಿನ ವರ್ಷ ಮಗುವಾಗಿತ್ತಲ್ಲ, ಇನ್ನೇನು ಬೇಕು? ರಾಲ್ಫನ ಗೋರಿಗಲ್ಲಿನ ಮೇಲೆ 'ಆತನ ಪ್ರೀತಿಯ ಮಡದಿ ಫೀಬಿ' ಎಂದು ಕೆತ್ತಿಸಿದರೆ ಋಣ ತೀರಿತು ಎಂದುಕೊಂಡಿದ್ದಳು. ಕೆತ್ತಲೆಂದು ಕೀತ್ ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದ ಆ ಸಾಲನ್ನು ದೊಡ್ಡಮ್ಮ ಓದಿಬಿಟ್ಟಿದ್ದಳು.

"ಅವಳು ಇವನ ಹೆಂಡ್ತಿ ಅಂತ ನಿಂಗ್ಯಾರೇ ಹೇಳಿದ್ದು?"

"ಒಂದೇ ಮನೇಲಿದ್ರಲ್ಲ ದೊಡ್ಡಮ್ಮ..."

"ಇದ್ಲು. ಕೂಲಿಯವಳಾಗಿ ಇದ್ಲು! ನೀನು ಈ ಊರಲ್ಲೇ ಹುಟ್ಟಿ ಬೆಳೆದವಳು, ಅಷ್ಟೂ ಗೊತ್ತಾಗಲ್ವಾ ನಿಂಗೆ?"

ಆ ಕಾಲದಲ್ಲಿ ಈ ನಾರ್ಥಂಬರ್ಲೆಂಡ್ ಸೀಮೆಯ ಜಮೀನ್ದಾರರಿಗೆ ಗಂಡಾಳೊಬ್ಬ ಬಂದರೆ ಸಾಲುತ್ತಿರಲಿಲ್ಲ. ಅವನು ಹೊಲದ ಕೆಲಸಕ್ಕೆ ಒಬ್ಬ ಹೆಂಗಸನ್ನೂ ಕರೆತರಬೇಕಿತ್ತು. ಹೆಂಡತಿ, ಮಗಳು ಇಲ್ಲದವನು ಆಳುಗಳ ಸಂತೆಗೆ ಹೋಗಿ ಒಬ್ಬಳನ್ನು ಗೊತ್ತುಮಾಡಿಕೊಳ್ಳುತ್ತಿದ್ದ. ಅವನ ಒಂದೇ ಕೋಣೆಯ ಮನೆಯಲ್ಲಿ ಅವಳಿಗೂ ಒಂದು ಹಾಸಿಗೆ, ನಡುವೆ ಒಂದು ಪರದೆ. ಆ ಪರದೆ ಯಾರನ್ನು ತಡೆದೀತು!

"ಇನ್ನೂ ಹುಡುಗಿ ಕಣೇ ಅವಳು," ಎಂದಳು ಎಡ್ನಾ. "ಹೊಟ್ಟೆ ಕಾಣ್ಸೋಕೆ ಶುರುವಾದಾಗ ಈ ಮಹಾನುಭಾವ ಸಂತೇಲಿ ಇನ್ನೊಬ್ಬಳನ್ನ ಆರಿಸ್ಕೊಂಡ. ಫೀಬಿ ಹುಟ್ಟಿದ ಮಗೂನ, ನಮ್ಮಮ್ಮನ್ನ, ಬೆನ್ನಿಗೆ ಕಟ್ಕೊಂಡು ಕಂಡವರ ಟರ್ನಿಪ್ ಗೆಡ್ಡೆ ಹೊಲದಲ್ಲಿ ಬಗ್ಗಿ ಬಗ್ಗಿ ಸತ್ಲು. ಅಮ್ಮ ಸಾಯೋವಾಗ ನಂಗೊಬ್ಬಳಿಗೇ ಹೇಳಿ ಆಣೆ ಹಾಕಿಸ್ಕೊಂಡ್ಲು, ಬಾಯಿ ಬಿಡಬೇಡ, ಮರ್ಯಾದೆ ಹೋಗುತ್ತೆ ಅಂತ. ಮರ್ಯಾದೆ! ಹೋಗ್ಬೇಕಾಗಿದ್ದು ಇವನದ್ದು!"

ಡೋರೀನ್ ಕಲ್ಲನ್ನು ನೋಡಿದಳು. 'ದೈವಭಕ್ತ, ನಂಬಿಗಸ್ತ ಸೇವಕ.' ಜಾಡು ಸಿಕ್ಕಂದಿನಿಂದ, ಮುತ್ತಜ್ಜನ ಗೋರಿಯೆಂದು ಪ್ರತಿ ವಸಂತದಲ್ಲೂ ಬಂದು ಇದರ ಪಾಚಿ ಉಜ್ಜಿ ತೆಗೆದಿದ್ದಳು, ಹೂವಿಟ್ಟಿದ್ದಳು. ಈಗ ಮೈಯೆಲ್ಲ ಉರಿಯಿತು. ಅವನ ಮೇಲೆ ಸಿಟ್ಟು, ಹೆಂಗಸನ್ನು ತಾ ಎಂದ ಜಮೀನ್ದಾರನ ಮೇಲೆ ಸಿಟ್ಟು, ಎಲ್ಲಕ್ಕಿಂತ ತನ್ನ ಮೇಲೆ. ಇನ್ನು ಸ್ವಲ್ಪ ಹೊತ್ತು ಕಳೆದಿದ್ದರೆ ಫೀಬಿಯನ್ನು ತಾನೇ ಕೈಹಿಡಿದು ಮತ್ತೆ ಆ ಪರದೆಯಾಚೆಗೆ ನೂಕಿಬಿಡುತ್ತಿದ್ದಳು.

"ಮೊದಲಕ್ಷರ ಆಗ್ಲೇ ಕೆತ್ತಿದ್ದೀನಲ್ಲ ಅಕ್ಕಾ," ಕೀತ್ ತಡವರಿಸಿದ. "ಉಜ್ಜಿ ತೆಗೆದ್ರೆ ಕಲ್ಲಲ್ಲಿ ಗುಂಡಿ ಬೀಳುತ್ತೆ."

"ಬೀಳ್ಲಿ! ತೆಗಿ!" ಎಂದಳು ಡೋರೀನ್. ಆಮೇಲೆ ದೊಡ್ಡಮ್ಮನತ್ತ ತಿರುಗಿದಳು. "ಅವಳೆಲ್ಲಿದ್ದಾಳೆ?"

ಎಡ್ನಾ ಉತ್ತರದ ಗೋಡೆಯ ಕಡೆ ಕೈ ತೋರಿಸಿದಳು. ದಿಕ್ಕಿಲ್ಲದವರನ್ನು ಹೂಳುತ್ತಿದ್ದ ಜಾಗ; ಸೊಂಟದೆತ್ತರಕ್ಕೆ ತುರಚಿ ಗಿಡ ಬೆಳೆದಿತ್ತು. "ಅಲ್ಲೆಲ್ಲೋ. ಇಂಥಲ್ಲೇ ಅಂತ ಅಮ್ಮಂಗೂ ಗೊತ್ತಿರ್ಲಿಲ್ಲ."

ಡೋರೀನ್ ಸರಸರನೆ ಅಲ್ಲಿಗೆ ನಡೆದು ಬರಿಗೈಯಲ್ಲೇ ತುರಚಿ ಕೀಳತೊಡಗಿದಳು. ಕೀತ್ ತನ್ನ ಕೈಗವಸು ಹಿಡಿದು ಹಿಂದೆ ಓಡಿದ. ಅವಳು ತಿರುಗಿಯೂ ನೋಡಲಿಲ್ಲ. ಅಂಗೈ ಕೆಂಪಾಗಿ ದದ್ದುಗಳೆದ್ದವು.

"ಲೋ ಕೀತ್, ನನ್ನನ್ನೂ ತಳ್ಳೋ ಅಲ್ಲಿಗೆ," ಎಂದಳು ಎಡ್ನಾ.

ಗಾಲಿಗಳು ಹುಲ್ಲಿನಲ್ಲಿ ಸಿಕ್ಕಿಕೊಳ್ಳುತ್ತ ಗೋಡೆಯವರೆಗೆ ಬಂದವು. ಮುದುಕಿ ಕುರ್ಚಿಯಿಂದ ಬಾಗಿ, ಕೈಗೆ ಎಟುಕಿದ ಒಂದು ಗಿಡದ ಬುಡ ಹಿಡಿದು ಎಳೆದಳು.