ಬೆಂಡು ಮುಳುಗಿದ ಗಳಿಗೆ

ಗಾಳದ ಬೆಂಡು ಅಲುಗಿತೇ, ಇಲ್ಲ, ಗಾಳಿ, ಕೆರೆಯ ಮೇಲೆ ಒಂದು ಸುಕ್ಕು ಎದ್ದು ಹೋಯಿತು ಅಷ್ಟೆ, ಮಾಘದ ಚಳಿಗೆ ಇಷ್ಟು ಬೇಗ ಕಚ್ಚುವುದಿಲ್ಲ, ಬಿಸಿಲೇರಬೇಕು, ದಡದ ನೀರು ಬೆಚ್ಚಗಾಗಿ ಜೊಂಡಿನ ಸಂದಿಗೆ ಜಿಲೇಬಿ ಮೀನು ಬರಬೇಕು — ಅಪ್ಪ ನನಗೆ ಹೇಳಿಕೊಟ್ಟದ್ದು, ನಾನು ನೇತ್ರಾಗೆ, ಬೇಸಗೆಯಲ್ಲಿ ತೂಬಿನ ಹತ್ತಿರದ ಗುಂಡಿ ಬಿಟ್ಟು ಕೂರಬೇಡ ಮಗಳೇ, ನೀರು ಇಳಿದಷ್ಟೂ ಮೀನು ಅಲ್ಲಿಗೇ ಸೇರುತ್ತದೆ, ಮುಂಗಾರಿಗೆ ಹಳ್ಳ ಬಂದು ಕೂಡುವ ಬಾಯಲ್ಲಿ ಕೂರು, ಎರೆಹುಳು ಸಾಕು, ಹೊಟ್ಟೆ ಉಬ್ಬಿದ್ದು ಸಿಕ್ಕರೆ ಬಿಟ್ಟುಬಿಡು, ಮೊಟ್ಟೆ ಇರುತ್ತದೆ, ಕೋಡಿ ಹರಿಯುವಾಗ ಮಾತ್ರ ಅತ್ತ ಹೋಗಲೇಬೇಡ — ಎಲ್ಲ ಒಂದೇ ವರ್ಷಕ್ಕೆ ಕಲಿತಳು, ಹತ್ತರ ಹುಡುಗಿ, ನನ್ನನ್ನೇ ಗದರುತ್ತಿದ್ದಳು, ಅವ್ವ, ನೀ ಇಂಗೆ ಕೆಮ್ತಾ ಕುಂತ್ರೆ ಮೀನೆಲ್ಲ ಅರಕಲಗೂಡಿಗೆ ಓಡೋಯ್ತವೆ ಕಣವ್ವ. ಇವತ್ತು ಬೆಳಗ್ಗೆ ಎರಡು ಕೋಲು ತೆಗೆದು ಗೋಡೆಗೆ ಒರಗಿಸಿದೆ, ಬತ್ತೀಯೇನವ್ವ ಎಂದೆ, ನೀನೋಗವ್ವ, ನಂಗೆ ಬಟ್ಟೆ ಒಗೆಯೋದೈತೆ ಎಂದಳು, ಚನ್ನರಾಯಪಟ್ಟಣದಲ್ಲಿ ನರ್ಸು ಈಗ, ತಿಂಗಳಿಗೊಮ್ಮೆ ಬರುತ್ತಾಳೆ, ನನ್ನ ತಲೆಗೆ ಎಣ್ಣೆ ಹಚ್ಚುತ್ತಾಳೆ, ನಾನು ತಂದ ಮೀನು ಉಜ್ಜಿ ಸಾರು ಮಾಡುತ್ತಾಳೆ, ಕೋಪವಿಲ್ಲ, ಕೋಪವಿದ್ದಿದ್ದರೆ ಚೆನ್ನಿತ್ತು, ಕೆರೆಗೆ ಮಾತ್ರ ಬರುವುದಿಲ್ಲ, ಹನ್ನೆರಡು ವರ್ಷ.

ಅವತ್ತೂ ಭಾನುವಾರವೇ, ಹಾಸನದಲ್ಲಿ ನಾನು ಪಾತ್ರೆ ತೊಳೆಯುತ್ತಿದ್ದ ಮನೆಯ ಸುಂದರಮ್ಮ ಮೇಷ್ಟ್ರು ಏರಿಯ ಮೇಲಿನ ಹನುಮಂತನ ಗುಡಿಗೆ ಬಂದಿದ್ದರು, ನೇತ್ರಾಳನ್ನು ಕಂಡವರಲ್ಲ, ಆದರೂ ಮಗಳನ್ನು ಕಳಿಸೇ, ನಮ್ಮನೇಲೇ ಇದ್ದು ಓದಲಿ ಎಂದಿದ್ದರು, ನಾನು ಹಣ್ಣುಕಾಯಿ ಬುಟ್ಟಿ ಹಿಡಿದು ಹಿಂದೆ, ಕೆಳಗೆ ನೇತ್ರಾ, ಮೊಣಕಾಲಿನವರೆಗೆ ಕೆಸರು, ಎರಡು ಜಡೆ, ಕೈಯಲ್ಲಿ ಕೋಲು, ಅದ್ಯಾರ ಮಗುವೇ ಪಾಪಮ್ಮ, ಗಾಳ ಹಾಕ್ಕೊಂಡು ಕೂತಿರೋದು — ಮಡಿಯ ಮನೆ, ಮೀನು ಹಿಡಿಯುವ ಕೈಯನ್ನು ಒಳಗೆ ಬಿಟ್ಟುಕೊಳ್ಳುತ್ತಾರೆಯೇ, ಅಷ್ಟೇ ಹೊಳೆದದ್ದು, ಯಾರ್ದೋ ಏನೋ ಅಮ್ಮಾವ್ರೇ, ನಂಗೊತ್ತಿಲ್ಲ. ಕೆರೆಯಂಗಳದಲ್ಲಿ ಪಿಸುಮಾತೂ ದೂರ ಹೋಗುತ್ತದೆ, ನನ್ನದು ಪಿಸುಮಾತೂ ಆಗಿರಲಿಲ್ಲ. ಸುಂದರಮ್ಮ ನಿಂತೇ ನೋಡಿದರು, ಎಷ್ಟು ಅಲ್ಲಾಡದೆ ಕೂತಿದೆ ನೋಡೇ, ನಮ್ಮ ಪ್ರದ್ಯುಮ್ನ ಎರಡು ನಿಮಿಷ ಪುಸ್ತಕ ಹಿಡಿಯಲ್ಲ, ಇಂಥ ಮಗುಗೆ ಪಾಠ ಹೇಳ್ಬೇಕು ಕಣೇ — ಆಗಲಾದರೂ ನನ್ನ ಮಗಳು ಅನ್ನಬಹುದಿತ್ತು, ಬುಟ್ಟಿ ಸರಿಮಾಡಿಕೊಂಡು ಗುಡಿಯತ್ತ ನಡೆದೆ, ಜೂನಿನಲ್ಲಿ ಕರೆದುಕೊಂಡು ಹೋದಾಗ ಗುರುತು ಹಿಡಿದರು, ಅಯ್ಯೋ ಆ ಕೆರೆ ಹುಡುಗಿ ಇವಳೇನೇ ಎಂದು ನಕ್ಕು ಒಳಗೆ ಕರೆದರು, ನಾನೂ ನಕ್ಕೆ, ನೇತ್ರಾ ನಗಲಿಲ್ಲ, ಓದಿದಳು, ಚೆನ್ನಾಗಿಯೇ ಓದಿದಳು — ಮಗಳಿಗೋಸ್ಕರ ಅಂದ ಸುಳ್ಳು ಎಂದು ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆ, ಅವಳಿಗೆ ಒಂದು ಸಲವೂ ಹೇಳಲಿಲ್ಲ, ಏನೆಂದು ಹೇಳಲಿ, ನಿನ್ನ ಬೆಂಡು ಆ ಹೊತ್ತಿಗೇ ಮುಳುಗಿದ್ದನ್ನು ನಾನೂ ಕಂಡೆ ಎಂದೇ — ಈಗ ಅಲುಗಿತು, ಇದು ಗಾಳಿಯಲ್ಲ, ಒಂದು ಸಲ ಕುಕ್ಕಿತು, ಇನ್ನೊಂದು ಸಲ, ಎಳೆಯಬೇಕು, ಎಳಿಯವ್ವ ಎನ್ನುವವರಿಲ್ಲ, ಕೈ ಏಳುತ್ತಿಲ್ಲ, ಅವತ್ತಿನ ಎರಡು ಜಡೆಯ ಆ ಬೆನ್ನು, ಕೋಲು ಎತ್ತಲಿಲ್ಲ, ತಿರುಗಿ ನೋಡಲಿಲ್ಲ, ಬೆಂಡು ಮುಳುಗಿತು, ಮುಳುಗೇ ಇತ್ತು