ಗಾಳಿಕಂಬಕ್ಕೆ ಒಡೆದ ಕಾಯಿ

"ಎಬ್ಬಸಲೇ ಕುರೀನ, ನಿಮ್ಮೌನ್! ಈ ದಾರಿ ನಿಮ್ಮಪ್ಪ ಹಾಕ್ಸ್ಯಾನೇನು?"

ಜೀಪಿನ ಹಾರನ್ನು ನಿಲ್ಲಲಿಲ್ಲ. ಓಬಳೇಶನೂ ಏಳಲಿಲ್ಲ. ಗುಡ್ಡದ ಹೊಸ ಜಲ್ಲಿ ದಾರಿಯ ನಟ್ಟನಡುವೆ ಕಾಲು ಚಾಚಿ ಮಲಗಿದ್ದ ಕುರಿಯೊಳಗೆ ಅವನ ಕೈ ಮಣಿಕಟ್ಟಿನವರೆಗೆ ಹೋಗಿತ್ತು. ಮರಿಯ ಒಂದು ಕಾಲು ಸಿಕ್ಕಿತ್ತು. ಇನ್ನೊಂದು ಹಿಂದಕ್ಕೆ ಮಡಚಿಕೊಂಡು ಕೈಗೆ ಬರುತ್ತಿರಲಿಲ್ಲ.

"ಈಯಾಕತ್ತೈತ್ರಿ ಗೌಡ್ರ, ಒಂದೀಟು ತಡೀರಿ."

"ಗೇಟಿನ ಸಂದಿ ತೂರಿ ಬಂದು ಕಂಪನಿ ಜಾಗದಾಗ ಈಯಬೇಕೇನು ಆ ರಂಡಿ?" ಪಂಚಾಕ್ಷರಪ್ಪ ಗೌಡರು ಜೀಪಿನಿಂದ ಇಳಿದರು.

"ಗೇಟು ಮೊನ್ನಿ ಹಾಕೀರಿ. ಇದು ಅದಕ್ಕೂ ಮೊದ್ಲ ಗಬ್ಬಾಗೈತ್ರಿ," ಎಂದಳು ಕುರಿಯ ತಲೆ ಹಿಡಿದು ಕೂತಿದ್ದ ಓಬಳೇಶನ ಹೆಂಡತಿ ರೇಣುಕಾ.

ಜೀಪಿನಲ್ಲಿದ್ದ ಕಂಪನಿ ಸಾಹೇಬ ನಕ್ಕ. ಗೌಡರು ನಗಲಿಲ್ಲ. ಅವರ ನೆತ್ತಿಯ ಮೇಲೆ ಕಂಪನಿಯ ಕರೆಂಟು ತೆಗೆಯುವ ಗಾಳಿಫ್ಯಾನಿನ ರೆಕ್ಕೆಗಳು ಭರ್ರೋ ಎಂದು ತಿರುಗುತ್ತಿದ್ದವು.

ಶ್ರಾವಣ. ಕೆಳಗೆ ಹೊಲಹೊಲವೂ ಮೆಕ್ಕೆಜೋಳ. ಕೊಯ್ಲು ಮುಗಿದ ಮೇಲೆ, ಗೊಬ್ಬರ ಬೀಳಲೆಂದು, ಕುರಿಮಂದೆ ನಿಲ್ಲಿಸಲು ಇದೇ ಗೌಡರು ಹೇಳಿ ಕಳಿಸುತ್ತಾರೆ. ಪೈರು ನಿಂತಿರುವಷ್ಟು ದಿನ ಕುರಿಗೆ ಈ ಗುಡ್ಡ ಬಿಟ್ಟರೆ ಬಾಯಿಡಲು ಜಾಗವಿಲ್ಲ. ಗುಡ್ಡ ಹೋದರೆ ಹಿಂಡು ಕಟುಕರ ಪಾಲು.

"ಗೌಡ್ರು ಬೇಲಿ ಹಾಕಿದ ಬೀಳು ಹೊಲದಾಗೂ ಇದ ಗಾಳಿ ಐತಲ್ರಿ ಸಾಹೇಬ್ರ," ಎಂದ ಓಬಳೇಶ, ಕೈ ಹೊರಗೆ ತೆಗೆಯದೆ. "ಅಲ್ಲೊಂದು ಗೂಟಾನೂ ಬಡಿದಿಲ್ಲಲ್ರಿ?"

"ಅದು ಪಟ್ಟಾ ಜಮೀನು. ಮಾಲೀಕರನ್ನ ಕೇಳಬೇಕಾಗುತ್ತೆ. ಈ ಗುಡ್ಡ ಪಾಳು ಅಂತ ಸರ್ಕಾರಾನೇ ಬರೆದಿದೆ. ಪಾಳು ಜಾಗಕ್ಕೆ ಯಾರನ್ನ ಕೇಳೋದು?" ಎಂದ ಸಾಹೇಬ.

"ನಮ್ಮನ್ನ," ಎಂದಳು ರೇಣುಕಾ.

"ಹೋದ ವರ್ಷ ನೀವೇ ಕಾಯಿ ಒಡೆದು ಒಪ್ಪಿಗೆ ಕೊಟ್ಟಿಲ್ವಾ? ಫೋಟೋ ಇದೆಯಲ್ಲ. ತಾಲ್ಲೂಕು ಕಚೇರಿ ಮೀಟಿಂಗಲ್ಲಿ ಎಲ್ರೂ ನೋಡಿದಾರೆ."

ರೇಣುಕಾಳ ಕೈ ಕುರಿಯ ಕಿವಿಯ ಮೇಲೆ ಹಾಗೇ ನಿಂತಿತು. ಆ ಫೋಟೋದಲ್ಲಿದ್ದದ್ದು, ಗಾಳಿ ಅಳೆಯಲು ಕಂಪನಿಯವರು ಮೊದಲು ನೆಟ್ಟ ಸಣ್ಣ ಕಂಬ. ಮಳೆ ನೋಡುವ ಕಂಬವಿರಬೇಕೆಂದು ಹಟ್ಟಿಯವರೆಲ್ಲ ಅಂದುಕೊಂಡಿದ್ದರು. ಮೈಲಾರಲಿಂಗನ ಗುಡ್ಡದಲ್ಲಿ ಏನು ನೆಟ್ಟರೂ ಬರಿಮೈಯಲ್ಲಿ ಬಿಡಬಾರದು. ಅವಳೇ ಬುಡಕ್ಕೆ ಭಂಡಾರದ ಅರಿಶಿನ ಹಚ್ಚಿ, ಕಾಯಿ ಒಡೆದು, ಕಂಬ ನೆಟ್ಟವರಿಗೆ ಕಂಬಳಿ ಹಾಸಿ ಮಜ್ಜಿಗೆ ಕೊಟ್ಟಿದ್ದಳು.

ಮರಿ ಜಾರಿ ಹೊರಬಂತು. ಓಬಳೇಶ ಅದರ ಮೂಗಿನ ಲೋಳೆ ಒರೆಸಿ ಊದಿದ. ಇನ್ನೊಮ್ಮೆ ಊದಿದ. ಬಹಳ ಹೊತ್ತಿನ ಮೇಲೆ ಅದು ಸಣ್ಣಗೆ ಸೀನಿತು.

ಗೌಡರು ಜೀಪಿನಿಂದ ಒಂದು ಖಾಕಿ ಅಂಗಿ, ಒಂದು ಸೀಟಿ ತಂದು ರೇಣುಕಾಳ ಮಡಿಲಿಗೆ ಎಸೆದರು.

"ತಗಾ, ವಾಚ್‌ಮನ್ ಕೆಲ್ಸ. ತಿಂಗ್ಳಾ ಪಗಾರ. ನಾನ ಹೇಳಿ ಕೊಡ್ಸೀನಿ. ನಿನ್ನ ಕುರಿ ಮಾರಿ ಬಂದು ಗೇಟಿನಾಗ ನಿಂದ್ರಲೇ ಓಬಳೇಶ. ನಿಮ್ಮ ಹಟ್ಟಿ ಹನುಮಣ್ಣಂದಾಗ್ಲಿ, ದ್ಯಾಮಕ್ಕಂದಾಗ್ಲಿ, ಒಂದು ಕುರಿ ಒಳಗ ಬಂದ್ರ ಸೀಟಿ ಊದಿ ಬಡಿ. ಕುರುಬನ್ನ ಕುರುಬನ ಓಡ್ಸಿದ್ರ ಜಗಳ ಇರಂಗಿಲ್ಲ."

ರೇಣುಕಾ ಅಂಗಿಯ ಮಡಿಕೆ ಬಿಡಿಸಿ ನೋಡಿದಳು. "ಹಾಕ್ಕಳ್ರಿ," ಎಂದಳು ಗಂಡನಿಗೆ, ತಲೆ ಎತ್ತದೆ. "ಹೊಟ್ಟಿ ಕೇಳಂಗಿಲ್ಲ."

ಓಬಳೇಶ ಕೆಳಗೆ ನೋಡಿದ. ಗೇಟಿನಾಚೆ ದ್ಯಾಮಕ್ಕನ ಕುರಿಗಳು ಸರಳಿಗೆ ಮೂತಿ ಒತ್ತಿ ನಿಂತಿದ್ದವು. ರಕ್ತ ಮೆತ್ತಿದ ಕೈಯಿಂದ ಅವನು ಅಂಗಿ ಎತ್ತಿಕೊಂಡು ಗೌಡರ ಕಡೆ ಚಾಚಿದ.

"ಒಲ್ಲೆ."

"ಮತ್ತ ಏನು ಮಣ್ಣು ತಿಂತೀಯಲೇ ಮಗನ?"

"ಗೊತ್ತಿಲ್ರಿ. ಒಲ್ಲೆ."