ಷಡ್ಡಕನ ಬಕಲು, ನನ್ನ ಟಿಚ್ ಬಟನ್ನು

ನಮ್ಮ ಬೀದಿಯಲ್ಲಿ ಹೆಲ್ಮೆಟ್ ಇಲ್ಲದ ಬೈಕ್ ಒಂದೂ ಇಲ್ಲ. ಹೆಲ್ಮೆಟ್ ಇರುವ ತಲೆಗಳು ಮಾತ್ರ ಕಡಿಮೆ. ಒಂದು ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿರುತ್ತದೆ, ಇನ್ನೊಂದು ಟ್ಯಾಂಕಿನ ಮೇಲೆ ಕೂತು ಸವಾರಿ ಮಾಡುತ್ತಿರುತ್ತದೆ. ತಲೆಯ ಮೇಲಿದ್ದರೂ ಗದ್ದದ ಕೆಳಗಿನ ಪಟ್ಟಿ ಗಾಳಿಗೆ ಅಲ್ಲಾಡುತ್ತಿರುತ್ತದೆ. ಕೇಳಿದರೆ, "ಆ ಬಕಲ್ ಹಾಕ್ಕೊಳ್ಳೋ ಹೊತ್ತಿಗೆ ಹೋಗೋ ಜಾಗಾನೇ ಬಂದಿರುತ್ತೆ" ಎನ್ನುತ್ತಾರೆ.

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಕಥೆಗೆ ಮೊದಲು ಒಂದು ವಿಷಯ ಒಪ್ಪಿಕೊಂಡುಬಿಡುತ್ತೇನೆ: ನನ್ನ ಷಡ್ಡಕನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ನನ್ನ ಹೆಂಡತಿಯ ತಂಗಿಯ ಗಂಡ ಅವನು. ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾನೆ. ಬೀದಿಯವರೆಲ್ಲ ಅವನನ್ನು 'ಮೇಷ್ಟ್ರೇ' ಎನ್ನುತ್ತಾರೆ; ಇಪ್ಪತ್ತು ವರ್ಷ ಅವರ ಬಟ್ಟೆ ಹೊಲಿದ ನಾನು ಇನ್ನೂ 'ಏ ಟೈಲರ್'.

ನಮ್ಮ ಮಾವನ ಮನೆಯಲ್ಲಿ ಕೈ ಇರುವ ಕುರ್ಚಿ ಒಂದೇ ಒಂದು. ಮೊದಲು ಹೋದಾಗೆಲ್ಲ ಅದು ನನಗೇ ಬರುತ್ತಿತ್ತು. ಚಿಕ್ಕಳಿಯ ಬಂದ ಮೇಲೆ ನನಗೆ ಬೆಂಚು. ಆ ಕುರ್ಚಿಯ ದಿಂಬು ಹೊಲಿದವನು ನಾನು, ಅದರ ಮೇಲೆ ಕೂರುವವನು ಅವನು. ಬೆಂಚಿನ ಮೇಲೆ ಕೂತು ಆ ದಿಂಬನ್ನೇ ನೋಡುತ್ತಿದ್ದರೆ ಹೊಟ್ಟೆಯೊಳಗೆ ಏನಾಗುತ್ತದೆ ಎನ್ನುವುದು ಕೂತವನಿಗೇ ಗೊತ್ತು.

ಹೀಗಿರುವಾಗ ಬೈಕ್ ರೇಸಿನ ಮಾತು ಬಂತು. ಮೂರು ಗಂಟೆ ದಾರಿಯ ದೂರದಲ್ಲಿ ದೊಡ್ಡ ರೇಸ್. ಎಲ್ಲರೂ ಬೈಕಿನಲ್ಲೇ ಹೋಗಿ ನೋಡಿ ಬರೋಣ ಎಂದವನು ಪಕ್ಕದ ಮನೆಯ ಬಡಗಿ. ನಾಲ್ಕು ಬೈಕ್, ಏಳು ಜನ. ನಾನು ಮತ್ತು ನನ್ನ ಹೆಂಡತಿ, ಷಡ್ಡಕ ಮತ್ತು ನಾದಿನಿ, ಬಡಗಿ ಮತ್ತು ಅವನ ತಮ್ಮ, ಒಂಟಿಯಾಗಿ ಗಡಿಯಾರ ರಿಪೇರಿಯವನು. ಮುಂದಿನ ಬೈಕ್ ಯಾರದು ಎಂಬ ಪ್ರಶ್ನೆಯೇ ಏಳಲಿಲ್ಲ. "ಮೇಷ್ಟ್ರು ಇದ್ದಾರಲ್ಲ!" ಎಂದರು ಎಲ್ಲರೂ. ಅವನು ಆ ವಾರವಷ್ಟೇ ಕೊಂಡ ಕೆಂಪು ಹೆಲ್ಮೆಟನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯ ಉದ್ದಕ್ಕೂ ನಡೆದ. ನನ್ನ ಹೆಂಡತಿ ಕೂಡ, "ಎಷ್ಟು ಚೆನ್ನಾಗಿದೆ ಅಲ್ವೇನ್ರೀ?" ಎಂದಳು. ಮೈ ಉರಿಯಿತು.

ಅವಳದ್ದೂ ಒಂದು ತಕರಾರಿತ್ತು. "ಈ ಬಕಲ್ ಗದ್ದಕ್ಕೆ ಚುಚ್ಚುತ್ತೆ ಕಣ್ರೀ. ಹಾಕೋಕೂ ಬರಲ್ಲ, ತೆಗೆಯೋಕೂ ಬರಲ್ಲ."

ಆಗ ಹೊಳೆಯಿತು ನನಗೆ. ನಾನೇನು ಕಡಿಮೆಯವನೇ? ಕತ್ತರಿ ತೆಗೆದುಕೊಂಡು ಅವಳ ಹೆಲ್ಮೆಟ್ಟಿನ ಬಕಲ್ ಕತ್ತರಿಸಿದೆ. ಪಟ್ಟಿಯ ಎರಡು ತುದಿಗೆ ಒಂದು ದೊಡ್ಡ ಟಿಚ್ ಬಟನ್ ಹಾಕಿದೆ. ಒತ್ತಿದರೆ 'ಟಪ್' ಎಂದು ಕೂರಬೇಕು, ಎಳೆದರೆ 'ಟಪ್' ಎಂದು ಬಿಡಬೇಕು. ಮೇಲೆ ನೀಲಿ ಮಖಮಲ್ಲಿನ ಕವರು, ಅಂಚಿಗೆ ಬಿಳಿ ಹೊಲಿಗೆ. ಅವಳು ಅದನ್ನು ತಲೆಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಾಗ ಬಡಗಿ ಬಾಯಿ ಬಿಟ್ಟುಕೊಂಡು ನೋಡಿದ.

"ಟೈಲರಣ್ಣ, ನಮಗೂ ಹಾಕ್ಕೊಡಪ್ಪ!"

ಅಣ್ಣ! ಇಪ್ಪತ್ತು ವರ್ಷದಲ್ಲಿ ಮೊದಲ ಸಲ. ಎರಡೇ ದಿನದಲ್ಲಿ ನನ್ನದೂ ಸೇರಿ ಐದು ಹೆಲ್ಮೆಟ್ ಮುಗಿಸಿದೆ. ಕತ್ತರಿಸಿದ ಐದು ಬಕಲುಗಳನ್ನು ಗುಂಡಿಯ ಡಬ್ಬಿಗೆ ಹಾಕಿಟ್ಟೆ. ದರ್ಜಿ ಯಾವುದನ್ನೂ ಎಸೆಯುವುದಿಲ್ಲ.

ಸಂಜೆ ಷಡ್ಡಕ ಬಂದ. ಒಂದು ಹೆಲ್ಮೆಟ್ ಎತ್ತಿಕೊಂಡು ಪಟ್ಟಿಯನ್ನು ಎರಡು ಬೆರಳಲ್ಲಿ ಎಳೆದ. ಟಪ್.

"ಎಳೆಮಗುವಿನ ಅಂಗಿಗೆ ಹಾಕೋ ಗುಂಡಿ ಅಲ್ವೇನಣ್ಣ ಇದು? ಜೊತೆಗೆ ಒಂದೊಂದು ಜೊಲ್ಲು ಬಟ್ಟೇನೂ ಹೊಲ್ಕೊಟ್ಬಿಡಿ. ಬಿದ್ರೆ ಇದು ನಿಲ್ಲಲ್ಲ."

ಬಡಗಿ ನಕ್ಕ, ಅವನ ತಮ್ಮ ನಕ್ಕ, ನನ್ನ ಹೆಂಡತಿಯೂ ಸೆರಗಿನಲ್ಲಿ ನಕ್ಕಳು. ಆ ನಗುವಿನ ನಡುವೆ 'ಬಿದ್ರೆ ಇದು ನಿಲ್ಲಲ್ಲ' ಎಂಬ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

"ಬೀಳೋಕೆ ನಾನೇನು ನಿನ್ನ ಸ್ಕೂಲಲ್ಲಿ ಕಲಿತವನಾ?" ಎಂದೆ.

ಅವನ ಮುಖ ಕೆಂಪಗಾಯಿತು. "ನಿಮ್ಮಿಷ್ಟ" ಎಂದು ಹೊರಟುಹೋದ.

ನಾದಿನಿ ಮಾತ್ರ ಹೋಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು. "ಭಾವ, ಅವರು ಹೇಳಿದ ರೀತಿ ಬಿಡಿ, ವಿಷಯ ಕೇಳಿ. ಬಿದ್ದು ಬಂದೋರ ಮನೆಯವರು ಅಳ್ತಾ ಹೇಳ್ತಾರೆ, 'ಹೆಲ್ಮೆಟ್ ಹಾಕಿದ್ರು ಸಿಸ್ಟರ್' ಅಂತ. ನಾವು ಕೇಳೋದು ಒಂದೇ: ಪಟ್ಟಿ ಬಿಗಿದಿತ್ತಾ? ಪಟ್ಟಿ ನಿಲ್ಲಲಿಲ್ಲ ಅಂದ್ರೆ, ತಲೆ ನೆಲ ಮುಟ್ಟೋಕೆ ಮುಂಚೆ ಹೆಲ್ಮೆಟ್ ಹಾರಿ ಹೋಗಿರುತ್ತೆ."

"ನಿನ್ನ ಗಂಡ ಕಲಿಸಿ ಕಳಿಸಿದ್ನಾ?" ಎಂದೆ. ಅವಳು ಅಕ್ಕನ ಮುಖ ನೋಡಿದಳು. ನನ್ನವಳು, "ಹೋಗ್ಲಿ ಬಿಡೇ, ನಿಧಾನಕ್ಕೆ ಹೋಗ್ತೀವಿ" ಎಂದಳು. ನನ್ನ ಮರ್ಯಾದೆ ಉಳಿಸಲು ಅವಳು ಆಡಿದ ಮಾತು ಅದು.

ಹೊರಟ ದಿನ ಬೆಳಗ್ಗೆ ಷಡ್ಡಕ ನಿಯಮ ಹೇಳಿದ. ಒಬ್ಬರ ಹಿಂದೆ ಒಬ್ಬರು, ನಡುವೆ ಸಾಕಷ್ಟು ಅಂತರ. ಯಾರೂ ಯಾರನ್ನೂ ಹಿಂದೆ ಹಾಕುವಂತಿಲ್ಲ. ಅವನು ಕೈ ಎತ್ತಿದರೆ ಎಲ್ಲರೂ ನಿಧಾನ ಮಾಡಬೇಕು. ಎರಡೂವರೆ ಗಂಟೆ ಆ ಕೆಂಪು ಹೆಲ್ಮೆಟ್ಟಿನ ಹಿಂಬದಿಯನ್ನೇ ನೋಡುತ್ತಾ ಬೈಕ್ ಓಡಿಸಿದೆ. ಚಹಾಕ್ಕೆ ನಿಲ್ಲಿಸಿದ ಅಂಗಡಿಯವನು ಕೂಡ ಅವನನ್ನು ನೋಡಿ, "ರೇಸಲ್ಲಿ ಓಡಿಸೋರಾ ಸಾರ್?" ಎಂದು ಕೇಳಬೇಕೇ! ನನ್ನ ಮಖಮಲ್ಲನ್ನು ಅವನು ಕಣ್ಣೆತ್ತಿಯೂ ನೋಡಲಿಲ್ಲ.

ಅಲ್ಲಿಂದ ಮುಂದೆ ಇಳಿಜಾರು. ಇನ್ನು ಹತ್ತು ಕಿಲೋಮೀಟರ್. ರೇಸಿನ ಬಯಲಿಗೆ ಮೊದಲು ನಾನೇ ಹೋಗಿ ನಿಲ್ಲಬೇಕು, ಅವನು ನನ್ನ ಹಿಂದೆ ಬರಬೇಕು ಎನ್ನಿಸಿತು. ಅಷ್ಟೇ, ಇನ್ನೇನೂ ಕಾರಣವಿಲ್ಲ. ಅವನು ಕೈ ಎತ್ತಿದ. ನನ್ನನ್ನು ತಡೆಯಲೆಂದೇ ಎತ್ತಿದ ಎಂದುಕೊಂಡೆ.

"ರೀ, ಕೈ ಎತ್ತಿದ್ರು, ಮುಂದೆ ಹೋಗ್ಬೇಡ್ರೀ" ಎಂದಳು ನನ್ನವಳು ಹಿಂದಿನಿಂದ.

ನಾನು ಹೋದೆ. ತಿರುವಿನಲ್ಲಿ ಯಾವುದೋ ಲಾರಿಯಿಂದ ಸುರಿದ ಮರಳು ರಸ್ತೆ ತುಂಬ ಹರಡಿತ್ತು. ಅವನು ಕೈ ಎತ್ತಿದ್ದು ಅದಕ್ಕೆ. ಮುಂದಿನ ಗಾಲಿ ಜಾರಿತು. ಬೀಳುವ ಆ ಒಂದು ಕ್ಷಣದಲ್ಲಿ ನನ್ನ ಬೆನ್ನ ಹಿಂದೆ ನನಗೆ ಚೆನ್ನಾಗಿ ಪರಿಚಯವಿದ್ದ ಒಂದು ಸದ್ದು ಕೇಳಿಸಿತು.

ಟಪ್.

ನನ್ನ ಹೆಲ್ಮೆಟ್ಟೂ ಹಾರಿತ್ತು. ಆದರೆ ನಾನು ಅಂಗೈ ಊರಿ ಬಿದ್ದೆ, ಚರ್ಮ ಸುಲಿಯಿತು, ಅಷ್ಟೇ. ಅವಳು ಹಿಮ್ಮುಖವಾಗಿ ಬಿದ್ದಳು. ನೀಲಿ ಹೆಲ್ಮೆಟ್ ಉರುಳಿಕೊಂಡು ಹೋಗಿ ರಸ್ತೆ ಪಕ್ಕದ ಹುಲ್ಲಿನಲ್ಲಿ ನಿಂತಿತ್ತು. ಮಖಮಲ್ಲಿಗೆ ಒಂದು ಗೀರೂ ಆಗಿರಲಿಲ್ಲ. ಅವಳ ತಲೆಯ ಹಿಂಭಾಗದಿಂದ ರಕ್ತ ಮರಳಿಗೆ ಇಳಿಯುತ್ತಿತ್ತು.

ಹಿಂದಿನವರು ಅಂತರ ಬಿಟ್ಟು ಬರುತ್ತಿದ್ದರಿಂದ ನಮ್ಮ ಮೇಲೆ ಹತ್ತಲಿಲ್ಲ. ನಾದಿನಿ ಓಡಿ ಬಂದು, "ಯಾರೂ ಎತ್ತಿ ಕೂರಿಸ್ಬೇಡಿ!" ಎಂದು ಕೂಗಿದಳು. ತಲೆ ಅಲ್ಲಾಡದಂತೆ ಹಿಡಿದು, ಗಾಯಕ್ಕೆ ಶುಭ್ರವಾದ ಬಟ್ಟೆ ಒತ್ತಿದಳು. ಷಡ್ಡಕ ಆಂಬುಲೆನ್ಸಿಗೆ ಫೋನ್ ಮಾಡಿದ. ನನ್ನವಳು ಕಣ್ಣು ಬಿಟ್ಟು ಕೇಳಿದಳು:

"ನಾವೆಲ್ಲಿಗೆ ಹೋಗ್ತಿದ್ದೀವಿ?"

"ರೇಸ್ ನೋಡೋಕೆ ಕಣೆ."

"ಹೌದಾ." ಸ್ವಲ್ಪ ಹೊತ್ತು ಬಿಟ್ಟು, "ನಾವೆಲ್ಲಿಗೆ ಹೋಗ್ತಿದ್ದೀವಿ?"

ಆಸ್ಪತ್ರೆ ಮುಟ್ಟುವವರೆಗೆ ಒಂಬತ್ತು ಸಲ ಕೇಳಿದಳು. ನಾನು ಎಣಿಸಿದೆ.

ಅವಳ ತಲೆಗೆ ಹನ್ನೊಂದು ಹೊಲಿಗೆ ಬಿತ್ತು. ಸ್ಕ್ಯಾನ್ ನೋಡಿದ ಡಾಕ್ಟರು, "ಒಳಗೆ ರಕ್ತ ಹೆಪ್ಪುಗಟ್ಟಿಲ್ಲ. ಆದರೂ ಇವತ್ತು ನಾಳೆ ಇಲ್ಲೇ ಇರಲಿ. ನೆನಪು ಸರಿಯಾಗಿ ಬರುತ್ತಾ ನೋಡಬೇಕು" ಎಂದರು. ನಾದಿನಿ ಅಕ್ಕನ ಬಳಿ ಕೂತಳು. ನಮ್ಮನ್ನು ಹೊರಗೆ ಕಳಿಸಿದರು.

ಹೊರಗಿನ ಹಾಲಿನಲ್ಲಿ ಟಿವಿ ಇತ್ತು. ಅದರಲ್ಲಿ ಅದೇ ರೇಸು. ನಮ್ಮ ಮನೆಯಲ್ಲೇ ಕೂತು ನೋಡಬಹುದಾಗಿದ್ದ ರೇಸನ್ನು ಅಷ್ಟು ದೂರ ಬಂದು ಆಸ್ಪತ್ರೆಯ ಬೆಂಚಿನಲ್ಲಿ ಕೂತು ನೋಡಿದೆವು. ನಾನೂ ಷಡ್ಡಕನೂ ಒಂದೇ ಬೆಂಚು. ಇನ್ನೂ ಓಟ ಶುರುವಾಗಿರಲಿಲ್ಲ. ಒಬ್ಬ ರೇಸುಗಾರ ಬೈಕಿನ ಮೇಲೆ ಗದ್ದ ಎತ್ತಿಕೊಂಡು ಕೂತಿದ್ದ. ಅವನ ಮೆಕಾನಿಕ್ ಪಟ್ಟಿಯನ್ನು ಎರಡು ಕಬ್ಬಿಣದ ಉಂಗುರದೊಳಗೆ ತೂರಿಸಿ ಬಿಗಿದು, ಒಮ್ಮೆ ಎಳೆದು ನೋಡಿದ. ಮತ್ತೊಮ್ಮೆ ಎಳೆದು ನೋಡಿದ. ಅಷ್ಟು ದೊಡ್ಡ ರೇಸುಗಾರ, ಗುಂಡಿ ಹಾಕಿಸಿಕೊಳ್ಳುವ ಮಗುವಿನಂತೆ ಸುಮ್ಮನೆ ಕೂತಿದ್ದ.

"ನನ್ನ ಹೊಲಿಗೆಯಿಂದಲೇ ಅವಳಿಗೆ ಹೊಲಿಗೆ ಬಿತ್ತು" ಎಂದೆ. "ನಿನ್ನ ಮೇಲಿನ ಹೊಟ್ಟೆಕಿಚ್ಚಿಗೆ."

ಅವನು ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ಅಣ್ಣ, ನಾನು ಆವತ್ತು ಇನ್ನೊಂದು ಸಲ ಹೇಳ್ಬೇಕಾಗಿತ್ತು. ನಗೆಯಾಡದೆ ಹೇಳ್ಬೇಕಾಗಿತ್ತು. ಬೀದಿಯವರೆಲ್ಲ ನಿಮ್ಮ ನೀಲಿ ಹೆಲ್ಮೆಟ್ ಹಿಂದೆ ಬಿದ್ರು, ನನ್ನ ಕೆಂಪು ಹೆಲ್ಮೆಟ್ಟನ್ನ ಯಾರೂ ಕೇಳಲಿಲ್ಲ. ನನಗೂ ಉರೀತು. ಹಾಳಾಗಿ ಹೋಗ್ಲಿ ಅಂತ ಸುಮ್ನಾದೆ."

ಇವನಿಗೂ ಹೊಟ್ಟೆಕಿಚ್ಚೇ? ಅದೂ ನನ್ನ ಮೇಲೆ? ಬೇರೆ ದಿನವಾಗಿದ್ದರೆ ನಾನು ಕುಣಿಯುತ್ತಿದ್ದೆ.

ಅಷ್ಟರಲ್ಲಿ ಬಡಗಿ ಎದ್ದ. "ಅಕ್ಕನಿಗೆ ಅಪಾಯ ಇಲ್ಲ ಅಂದ್ರಲ್ಲ. ನಾವು ಮೂರು ಜನ ಹೋಗಿ ಕೊನೆ ಓಟ ನೋಡಿ ಬರ್ತೀವಿ. ಹತ್ತೇ ಕಿಲೋಮೀಟರ್, ನಿಧಾನಕ್ಕೆ ಹೋಗ್ತೀವಿ" ಎಂದು ನಾನು ಹೊಲಿದ ಹೆಲ್ಮೆಟ್ ಎತ್ತಿಕೊಂಡ.

ಇದೇ ಮಾತನ್ನು ನನ್ನ ಹೆಂಡತಿ ಆಡಿದ್ದಳು. ಜೇಬಿನಲ್ಲಿ ಸದಾ ಇರುವ ಸಣ್ಣ ಕತ್ತರಿ ತೆಗೆದೆ. ಬಡಗಿಯದು, ಅವನ ತಮ್ಮನದು, ಗಡಿಯಾರದವನದು, ಮೂರು ಹೆಲ್ಮೆಟ್ಟಿನ ಪಟ್ಟಿಗಳನ್ನೂ ಅವರ ಕಣ್ಣೆದುರೇ ಬುಡಕ್ಕೆ ಕತ್ತರಿಸಿದೆ.

"ತಲೆ ಕೆಟ್ಟಿದೆಯಾ ಟೈಲರ್?"

"ಕೆಟ್ಟಿತ್ತು. ನಾನು ಹೊಲಿದದ್ದು ತಪ್ಪು. ಬಸ್ಸಿನಲ್ಲಿ ಹೋಗಿ. ಬಯ್ಯೋದಿದ್ರೆ ಬಂದು ಬೈಯಿರಿ."

ಅವರು ಬೈದುಕೊಂಡೇ ಹೋದರು, ಬಸ್ಸಿನಲ್ಲೇ ಹೋದರು. ಐದು ಗಂಟೆಯ ಹೊತ್ತಿಗೆ ನಮ್ಮನ್ನು ಒಳಗೆ ಬಿಟ್ಟರು. ನನ್ನವಳು ಕಣ್ಣು ಬಿಟ್ಟಳು. ಅದೇ ಪ್ರಶ್ನೆ ಬರುತ್ತದೆಂದುಕೊಂಡೆ.

"ರೇಸಲ್ಲಿ ಯಾರ್ರೀ ಗೆದ್ರು?" ಎಂದಳು.

ನಾನು ಅಲ್ಲೇ ಮಂಚದ ಅಂಚಿಗೆ ತಲೆಯಿಟ್ಟು ಅತ್ತುಬಿಟ್ಟೆ.

ನಮ್ಮ ಮೂರು ಬೈಕುಗಳು ಗೂಡ್ಸ್ ಗಾಡಿಯಲ್ಲಿ ಮನೆಗೆ ಬಂದವು. ತನ್ನ ಗಾಲಿಯ ಮೇಲೆ ತಾನೇ ಬಂದದ್ದು ಷಡ್ಡಕನ ಬೈಕ್ ಒಂದೇ. ಅದನ್ನು ನೋಡಿ ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳಾದೀತು. ಎರಡು ತಿಂಗಳು ನನ್ನವಳಿಗೆ ಹೊಲಿಗೆ ಯಂತ್ರದ ಸದ್ದು ಕೇಳಿದರೆ ತಲೆ ಸಿಡಿಯುತ್ತಿತ್ತು, ಅಂಗಡಿ ಮುಚ್ಚಿದ್ದೆ. ಕತ್ತರಿಸಿದ ಬಕಲನ್ನು ಮತ್ತೆ ಹೊಲಿದುಬಿಡೋಣ ಎಂದುಕೊಂಡಿದ್ದೆ. ಷಡ್ಡಕ ಈ ಸಲ ನಗದೆ ಹೇಳಿದ: "ಬೇಡಣ್ಣ. ಒಮ್ಮೆ ಕತ್ತರಿಸಿದ ಪಟ್ಟಿ, ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್, ಎರಡನ್ನೂ ನಂಬೋಕಾಗಲ್ಲ. ಹೊಸದು ತಗೊಳ್ಳೋಣ." ಬಡಗಿಯೂ ಅವನ ತಮ್ಮನೂ ಗಡಿಯಾರದವನೂ ನಮ್ಮ ಜೊತೆಗೇ ಬಂದು ಹೊಸದು ಕೊಂಡರು. ಷಡ್ಡಕ ಒಬ್ಬೊಬ್ಬರ ಗದ್ದ ಎತ್ತಿಸಿ ಪಟ್ಟಿ ಎಳೆದು ನೋಡಿದ. ನಾನೂ ಎಳೆದು ನೋಡಿದೆ.

ಹೋದ ವಾರ ಮಾವನ ಮನೆಗೆ ಹೋಗಿದ್ದೆವು. ಮಾವ ಆ ಕುರ್ಚಿ ತಂದು ಹಾಕಿದರು. ನಾನೂ ಷಡ್ಡಕನೂ ಮುಖ ನೋಡಿಕೊಂಡು ಇಬ್ಬರೂ ಬೆಂಚಿನಲ್ಲಿ ಕೂತೆವು. ಕುರ್ಚಿಯಲ್ಲಿ ನನ್ನವಳು ಕೂತಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಈಗಲೇ ಎದ್ದು ನಿಮ್ಮ ಹೆಲ್ಮೆಟ್ ತನ್ನಿ. ಹಾಕಿಕೊಂಡು ಬಕಲ್ ಬಿಗಿಯಿರಿ. ಪಟ್ಟಿಗೂ ಗದ್ದಕ್ಕೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿದ್ದರೆ ಸಾಕು. ಈಗ ಹಿಂದಿನಿಂದ ಹಿಡಿದು ಮುಂದಕ್ಕೆ ಎಳೆಯಿರಿ. ಕಳಚಿ ಬಂದರೆ ಅದು ಹೆಲ್ಮೆಟ್ ಅಲ್ಲ, ಟೋಪಿ. ಹಿಂದೆ ಕೂರುವವರ ಪಟ್ಟಿಯನ್ನೂ ಹೀಗೇ ನೋಡಿ. ಬಕಲ್ ಚುಚ್ಚಿದರೆ ಪಟ್ಟಿಯ ಅಳತೆ ಸರಿಮಾಡಿಕೊಳ್ಳಿ, ಅಳತೆಯೇ ಸರಿಯಿಲ್ಲದಿದ್ದರೆ ಹೆಲ್ಮೆಟ್ ಬದಲಾಯಿಸಿ. ನನ್ನಂಥ ದರ್ಜಿಯ ಹತ್ತಿರ ಹೋಗಬೇಡಿ. ಗುಂಪಿನಲ್ಲಿ ಹೋಗುವಾಗ ಮುಂದಿನವನು ಕೈ ಎತ್ತಿದರೆ ನಿಧಾನ ಮಾಡಿ, ಅವನು ನಿಮಗೆ ಆಗದವನಾದರೂ ಸರಿ.

ಇನ್ನು, ಪಕ್ಕದವರ ಪಟ್ಟಿ ಸಡಿಲವಿರುವುದು ನಿಮ್ಮ ಕಣ್ಣಿಗೆ ಬಿದ್ದರೆ ಹೇಳಿ. ಕೇಳದಿದ್ದರೆ ಇನ್ನೊಂದು ಸಲ ಹೇಳಿ. ಹೇಳದೆ ಬಿಟ್ಟ ಆ ಇನ್ನೊಂದು ಸಲದ ಗುರುತು ನನ್ನ ಹೆಂಡತಿಯ ತಲೆಯ ಹಿಂದೆ, ಕೂದಲು ಸರಿಸಿದರೆ, ಇವತ್ತಿಗೂ ಇದೆ.